ಹೊಗೆಯಿಲ್ಲದ ಕಾರಿಗೆ ಹೊಗೆಯ ಸರ್ಟಿಫಿಕೇಟು

2024ರ ಡಿಸೆಂಬರ್‌ನಲ್ಲಿ ಜೈಸಲ್ಮೇರ್‌ನ ಜಿಎಸ್‌ಟಿ ಮಂಡಳಿ ಸಭೆ ಮುಗಿದಾಗ ಪಾಪ್‌ಕಾರ್ನಿನ ಮೂರು ಬಗೆಯ ತೆರಿಗೆ ಕೇಳಿ ದೇಶಕ್ಕೆ ದೇಶವೇ ನಕ್ಕಿತು. ನಾನೂ ನಕ್ಕೆ. ಬಿಡಿಯಾಗಿ ಮಾರುವ ಉಪ್ಪು ಪಾಪ್‌ಕಾರ್ನಿಗೆ ಶೇ 5, ಪೊಟ್ಟಣ ಕಟ್ಟಿದರೆ ಶೇ 12, ಸಕ್ಕರೆ ಪಾಕ ಸುರಿದರೆ ಶೇ 18 ಎಂಬ ಆ ಪಾಕಶಾಸ್ತ್ರದಲ್ಲಿ ಮೈಮರೆತಿದ್ದ ನನಗೆ, ಅದೇ ಸಭೆ ಹಳೆಯ ಎಲೆಕ್ಟ್ರಿಕ್ ಕಾರುಗಳ ಬಗ್ಗೆಯೂ ಒಂದು ಮಾತು ಹೇಳಿದ್ದು ಮನಸ್ಸಿಗೆ ನಾಟಲಿಲ್ಲ. ಐದು ವರ್ಷ ಓಡಿಸಿದ ನನ್ನ ಎಲೆಕ್ಟ್ರಿಕ್ ಕಾರನ್ನು ಕೊಟ್ಟು ಹೊಸದನ್ನು ತರುವುದೋ ಬೇಡವೋ ಎಂದು ಈಗ ಲೆಕ್ಕಕ್ಕೆ ಕೂತಾಗಲೇ, ನನ್ನ ಕಾರು ಮತ್ತು ಕ್ಯಾರಮೆಲ್ ಪಾಪ್‌ಕಾರ್ನ್ ಅಂದು ಶೇ 18ರ ಒಂದೇ ಪಂಕ್ತಿಯಲ್ಲಿ ಎಲೆ ಹಾಕಿಸಿಕೊಂಡು ಕೂತಿದ್ದುದು ಕಣ್ಣಿಗೆ ಬಿದ್ದದ್ದು.

ವಿಷಯ ನಿಮಗೆ ಗೊತ್ತಿರುವುದೇ. ಹೊಸ ಎಲೆಕ್ಟ್ರಿಕ್ ಕಾರಿಗೆ 2019ರ ಆಗಸ್ಟ್‌ನಿಂದ ಶೇ 5ರಷ್ಟೇ ಜಿಎಸ್‌ಟಿ. ಅದೇ ಕಾರು ಹಳೆಯದಾಗಿ ವ್ಯಾಪಾರಿಯ ಅಂಗಳ ಸೇರಿದರೆ, ಅವನ ಲಾಭಾಂಶದ ಮೇಲೆ ಮೊದಲಿದ್ದ ಶೇ 12ರ ಬದಲು ಶೇ 18. ಹನ್ನೆರಡು ಲಕ್ಷಕ್ಕೆ ಕೊಂಡದ್ದನ್ನು ಒಂಬತ್ತು ಲಕ್ಷಕ್ಕೆ ಮಾರಿದರೆ ನಷ್ಟವಾದ ಮೂರು ಲಕ್ಷಕ್ಕೂ ತೆರಿಗೆ ಎಂದು ವಾಟ್ಸ್‌ಆ್ಯಪ್ ಪಂಡಿತರು ಆಗ ಹಬ್ಬಿಸಿದ್ದು ಸುಳ್ಳು. ವ್ಯಕ್ತಿಯಿಂದ ವ್ಯಕ್ತಿಗೆ ಮಾರಿದರೆ ತೆರಿಗೆಯೇ ಇಲ್ಲವೆಂದು, ನಮ್ಮ ಕರ್ನಾಟಕದಿಂದಲೇ ರಾಜ್ಯಸಭೆಗೆ ಹೋಗಿರುವ ವಿತ್ತ ಸಚಿವೆ ನಿರ್ಮಲಾ ಸೀತಾರಾಮನ್ ಅವರು ಬಿಡಿಸಿ ಹೇಳಿದ್ದಾರೆ. ಒಪ್ಪಿಕೊಳ್ಳೋಣ. ಆದರೆ ನನ್ನ ಕಾರನ್ನು 4.25 ಲಕ್ಷಕ್ಕೆ ಕೊಂಡು 6 ಲಕ್ಷಕ್ಕೆ ಮಾರುವ ವ್ಯಾಪಾರಿ, ತಾನು ಕಟ್ಟಬೇಕಾದ 31,500 ರೂಪಾಯಿಯನ್ನು ಸ್ವಂತ ಜೇಬಿನಿಂದ ಕಟ್ಟುತ್ತಾನೆಂದು ನಂಬುವಷ್ಟು ದೈವಭಕ್ತಿ ನನಗಿಲ್ಲ.

ಆ 4.25 ಲಕ್ಷ ಹುಟ್ಟಿದ ಬಗೆಯನ್ನೂ ಹೇಳಬೇಕು. ಹೊಸ ಕಾರಿನ ಷೋರೂಮಿನವರು ಹಳೆಯದರ ಬೆಲೆ ಕಟ್ಟಲು ಒಬ್ಬ ಯುವಕನನ್ನು ಮನೆಗೆ ಕಳಿಸಿದ್ದರು. ಕೈಯಲ್ಲಿ ಟ್ಯಾಬ್, ಕೊರಳಲ್ಲಿ ಗುರುತಿನ ಚೀಟಿ, ಮಾತಿನಲ್ಲಿ ವಿನಯ. ಬಾನೆಟ್ ಎತ್ತಿಸಿ ಇಣುಕಿ ನೋಡಿದ. ಎಂಜಿನ್ ಇರಬೇಕಾದ ಜಾಗದಲ್ಲಿ ಕಿತ್ತಳೆ ಬಣ್ಣದ ದಪ್ಪ ವೈರುಗಳು ಕಂಡವು. ಟ್ಯಾಬ್ ನೋಡಿದ, ಮತ್ತೆ ನನ್ನ ಮುಖ ನೋಡಿದ.

“ಸರ್, ಎಂಜಿನ್ ಆಯಿಲ್ ಯಾವಾಗ ಚೇಂಜ್ ಮಾಡಿಸಿದ್ರಿ?”

“ಇದು ಎಲೆಕ್ಟ್ರಿಕ್ ಕಾರಪ್ಪ.”

“ಗೊತ್ತು ಸರ್. ಆದ್ರೆ ಇದನ್ನ ತುಂಬದೆ ಫಾರ್ಮ್ ಮುಂದಕ್ಕೆ ಹೋಗಲ್ಲ.”

ಕ್ಲಚ್ ಹೇಗಿದೆ, ಸೈಲೆನ್ಸರ್‌ನಿಂದ ಬಿಳಿ ಹೊಗೆಯೋ ಕಪ್ಪು ಹೊಗೆಯೋ, ಎಮಿಷನ್ ಟೆಸ್ಟ್ ಯಾವ ತಾರೀಖಿನದು ಎಂದು ಆ ಫಾರ್ಮು ಒಂದೊಂದಾಗಿ ಕೇಳಿತು. ಎಲೆಕ್ಟ್ರಿಕ್ ಕಾರಿಗೆ ಎಮಿಷನ್ ಟೆಸ್ಟ್ ಬೇಕಿಲ್ಲವೆಂಬುದು ಟ್ರಾಫಿಕ್ ಪೊಲೀಸರಿಗೆ ಗೊತ್ತು, ಆರ್‌ಟಿಒಗೆ ಗೊತ್ತು, ಆ ಟ್ಯಾಬಿಗೆ ಮಾತ್ರ ಗೊತ್ತಿಲ್ಲ. ಇಡೀ ಕಾರಿನಲ್ಲಿ ಬೆಲೆಬಾಳುವ ವಸ್ತುವೊಂದಿದ್ದರೆ ಅದು ಬ್ಯಾಟರಿ. ಅದರಲ್ಲಿ ಎಷ್ಟು ಕಸುವು ಉಳಿದಿದೆ ಎಂದು ಕೇಳುವ ಒಂದೇ ಒಂದು ಕಾಲಂ ಆ ಫಾರ್ಮಿನಲ್ಲಿರಲಿಲ್ಲ. ಕಾಗದದ ಮೇಲೆ 300 ಕಿ.ಮೀ.ಗೂ ಹೆಚ್ಚು ಓಡುತ್ತಿದ್ದ ಕಾರು ಈಗ ಮೈಸೂರು ಮುಟ್ಟಿಸುತ್ತದೆ, ಆದರೆ ಅಲ್ಲಿ ಚಾರ್ಜ್ ಮಾಡದೆ ವಾಪಸು ಕರೆತರುವುದಿಲ್ಲ ಎಂಬ ಸತ್ಯವನ್ನು ನಾನಾಗಿಯೇ ಹೇಳಿದೆ. ಅವನು ಅದನ್ನು ಬರೆದುಕೊಳ್ಳಲಿಲ್ಲ, ಬರೆದುಕೊಳ್ಳಲು ಜಾಗವಿರಲಿಲ್ಲ. ಸೀಟಿನ ಮೇಲೆ ಮೊಮ್ಮಗಳು ಚೆಲ್ಲಿದ ಬಾದಾಮಿ ಹಾಲಿನ ಕಲೆಯನ್ನು ಮಾತ್ರ ಮೂರು ಕೋನದಿಂದ ಫೋಟೊ ತೆಗೆದುಕೊಂಡ.

ಬೆಂಗಳೂರಿನವರಾದ ನಮಗೆ ಹಳೆಯ ಎಲೆಕ್ಟ್ರಿಕ್ ಕಾರೇನೂ ಹೊಸದಲ್ಲ. ಊರೆಲ್ಲ ಪೆಟ್ರೋಲ್ ಬಂಕಿನ ಸಾಲಿನಲ್ಲಿ ನಿಂತಿದ್ದ 2001ರಲ್ಲಿಯೇ ಇಲ್ಲಿ ರೇವಾ ಬಂತು. ಲಂಡನ್ನಿನಲ್ಲಿ ಜಿ-ವಿಜ್ ಎಂಬ ಹೆಸರಿನಲ್ಲಿ ಓಡಾಡಿದ್ದೂ ಅದೇ. ನಮ್ಮ ಹಳೆಯ ಬೀದಿಯಲ್ಲಿ ನಿವೃತ್ತ ಬ್ಯಾಂಕ್ ನೌಕರರೊಬ್ಬರು ಒಂದನ್ನು ಇಟ್ಟುಕೊಂಡಿದ್ದರು. ಮುಂದಿನ ಸೀಟಿನ ಕೆಳಗಿದ್ದ ಎಂಟು ಲೆಡ್ ಆ್ಯಸಿಡ್ ಬ್ಯಾಟರಿಗಳಿಗೆ ಅವರು ಭಾನುವಾರ ಬೆಳಿಗ್ಗೆ ಡಿಸ್ಟಿಲ್ಡ್ ವಾಟರ್ ಎರೆಯುವುದೂ, ಅವರ ಹೆಂಡತಿ ತುಳಸಿಗೆ ನೀರೆರೆಯುವುದೂ ಒಂದೇ ಹೊತ್ತಿಗೆ, ಹೆಚ್ಚುಕಡಿಮೆ ಒಂದೇ ಭಕ್ತಿಯಿಂದ ನಡೆಯುತ್ತಿತ್ತು. 2010ರಲ್ಲಿ ಮಹೀಂದ್ರಾದವರು ರೇವಾ ಕಂಪನಿಯನ್ನು ಕೊಂಡರು. ಇವರ ಕಾರನ್ನು ಮಾತ್ರ ಯಾರೂ ಕೊಳ್ಳಲಿಲ್ಲ. ಟಾರ್ಪಾಲಿನ ಕೆಳಗೆ ಬೆಕ್ಕುಗಳ ಹೆರಿಗೆ ಮನೆಯಾಗಿದ್ದ ಅದಕ್ಕೆ ಕೊನೆಗೆ ಗುಜರಿಯವನು ಬಂದು, ಬ್ಯಾಟರಿಗಳ ಸೀಸವನ್ನು ತೂಕ ಹಾಕಿ ದುಡ್ಡು ಎಣಿಸಿಕೊಟ್ಟ. ಟ್ಯಾಬ್ ಇಲ್ಲದ ಆ ಮನುಷ್ಯನಿಗಾದರೂ ಬೆಲೆ ಇರುವುದು ಯಾವುದಕ್ಕೆ ಎಂಬುದು ಗೊತ್ತಿತ್ತು.

ಹೊಸ ಕಾರಿನ ಕಡೆಯಿಂದ ಬರುವ ಆಮಿಷಗಳೂ ಸಾಮಾನ್ಯವಲ್ಲ. ಈಗ ಕೆಲವು ಮಾದರಿಗಳ ಬ್ಯಾಟರಿಗೆ ಜೀವಮಾನದ ವಾರಂಟಿ ಕೊಡುತ್ತಾರೆ. ಆದರೆ ಅದು ಮೊದಲ ಮಾಲೀಕನಿಗೆ ಮಾತ್ರ. ಕಾರು ಎರಡನೆಯವನ ಕೈ ಸೇರಿದ ಗಳಿಗೆಯಲ್ಲಿ ವಾರಂಟಿಯ ಆಯುಸ್ಸು ಕುಗ್ಗುತ್ತದೆ. ಆರ್‌ಸಿಯಲ್ಲಿ ಹೆಸರು ಬದಲಾದದ್ದನ್ನು ಲಿಥಿಯಂ ಕಣಗಳು ಹೇಗೆ ತಿಳಿಯುತ್ತವೋ ಕಾಣೆ. ಇಂಥ ಏಕನಿಷ್ಠೆ ಪುರಾಣಗಳಲ್ಲಿಯೂ ಅಪರೂಪ.

ನಗುವುದಕ್ಕೂ ಒಂದು ಮಿತಿಯಿದೆ. ಬ್ಯಾಟರಿಯನ್ನು ತಯಾರಿಸುವಾಗ ನೆಲ ಅಗೆದು, ವಿದ್ಯುತ್ ಸುಟ್ಟು ಮಾಡಿಕೊಂಡ ಸಾಲ ತೀರುವುದು ಕಾರು ಓಡಿದಾಗ ಮಾತ್ರ, ಹೆಚ್ಚು ವರ್ಷ ಓಡಿದಷ್ಟೂ ಪರಿಸರಕ್ಕೆ ಲಾಭ. ಅದಕ್ಕೆ ಎರಡನೆಯ, ಮೂರನೆಯ ಮಾಲೀಕರು ಬೇಕು. ಹದಿನೈದು ಲಕ್ಷ ಹೊಂದಿಸಲಾಗದ, ಆರು ಲಕ್ಷಕ್ಕಾದರೆ ಎಲೆಕ್ಟ್ರಿಕ್ ಕಾರು ಕೊಂಡು ಪೆಟ್ರೋಲ್ ಖರ್ಚು ಉಳಿಸಿಕೊಳ್ಳಬಲ್ಲ ಮನುಷ್ಯನೇ ಆ ಎರಡನೆಯ ಮಾಲೀಕ. ಅವನಿಗೆ ತೆರಿಗೆಯ ದರ ಹೆಚ್ಚು, ವಾರಂಟಿ ಕಡಿಮೆ, ಕೊಳ್ಳುವ ಬ್ಯಾಟರಿ ಎಷ್ಟು ಸವೆದಿದೆ ಎಂದು ಹೇಳುವವರಿಲ್ಲ. ಹೊಸದನ್ನು ಕೊಳ್ಳಬಲ್ಲ ನನಗೆ ಬರೀ ಶೇ 5ರ ತೆರಿಗೆ, ಎಕ್ಸ್‌ಚೇಂಜ್ ಬೋನಸ್, ಕೊರಳಿಗೊಂದು ಹಾರ, ಫೋಟೊ. ಇದನ್ನು ಪರಿಸರ ಪ್ರೇಮವೆಂದು ಕರೆಯುವುದು ಕೇಳಿ ಕೇಳಿ ನನಗೆ ಸಾಕಾಗಿದೆ. ಇದು ಹೊಸ ಕಾರಿನ ವ್ಯಾಪಾರ, ಅಷ್ಟೇ.

ಇನ್ನು ಆ ಯುವಕನ ವಿಚಾರ. ಮುಕ್ಕಾಲು ಗಂಟೆ ಟ್ಯಾಬಿನೊಡನೆ ಗುದ್ದಾಡಿ ಸೋತ ಅವನು, ನನ್ನ ಅನುಮತಿ ಪಡೆದೇ, ಇಂಧನದ ಜಾಗದಲ್ಲಿ ‘ಪೆಟ್ರೋಲ್’ ಎಂದು ಒತ್ತಿದ. ನನ್ನ ಕಾರಿನ ಮಾದರಿ ಪೆಟ್ರೋಲಿನಲ್ಲಿಯೂ ಬರುತ್ತದೆ. ಫಾರ್ಮು ಸರಾಗವಾಗಿ ಮುಂದಕ್ಕೆ ಓಡಿ 5.80 ಲಕ್ಷ ಎಂದು ತೋರಿಸಿತು. ಮ್ಯಾನೇಜರಿಗೆ ಫೋನ್ ಮಾಡಿ ಮತ್ತೆ ಎಲೆಕ್ಟ್ರಿಕ್ ಎಂದು ತಿದ್ದಿಸಿದಾಗ ಅದು 4.25ಕ್ಕೆ ಇಳಿಯಿತು. ಪಕ್ಕದಲ್ಲಿ ನಿಂತಿದ್ದ ನನ್ನ ಹೆಂಡತಿ, “ಮೊದಲಿನದೇ ಇರಲಿ ಬಿಡಪ್ಪ” ಎಂದಳು.

ಮೊದಲಿನದೂ ಅಳಿಸಿಹೋಗಿಲ್ಲವೆಂದು ಕಾಣುತ್ತದೆ. ನಿನ್ನೆ ರಾತ್ರಿ ಕಾರನ್ನು ಚಾರ್ಜಿಗೆ ಹಾಕಿ ಮೇಲೆ ಬರುವಷ್ಟರಲ್ಲಿ ಷೋರೂಮಿನಿಂದ ಸಂದೇಶ ಬಂದಿತ್ತು: ತಮ್ಮ ಪೆಟ್ರೋಲ್ ಕಾರಿಗೆ ನೀಡಿರುವ ಬೆಲೆ ಇನ್ನು ಮೂರು ದಿನ ಮಾತ್ರ, ಬರುವಾಗ ಎಮಿಷನ್ ಸರ್ಟಿಫಿಕೇಟ್ ತಪ್ಪದೆ ತನ್ನಿ.