ಮಿಕ್ಸ್ಚರ್ ಪೊಟ್ಟಣದ ಹಿಂಬದಿ

ಕಾಸರಗೋಡಿನ ಬದಿಯಡ್ಕ ಪೇಟೆಯಿಂದ ತಂದ ಮಿಕ್ಸ್ಚರ್ ಪೊಟ್ಟಣವನ್ನು ಅಮ್ಮ ಕಿಟಕಿಯ ಬೆಳಕಿಗೆ ಹಿಡಿದರು. "ಎಂತ ಎಣ್ಣೆ ಇದು?" ಮಡಚಿ ಅಂಟಿಸಿದ ಜಾಗದಲ್ಲಿ ಸಾಸಿವೆಗಿಂತ ಸಣ್ಣ ಇಂಗ್ಲಿಷ್ ಅಕ್ಷರ: ಹತ್ತಿಬೀಜದ ಎಣ್ಣೆ.

ದೇಶಕ್ಕೆ ಬಿಟಿ ಹತ್ತಿ, ಅಂದರೆ ಬೇರೆ ಜೀವಿಯ ವಂಶವಾಹಿ ಸೇರಿಸಿದ ಕುಲಾಂತರಿ ಹತ್ತಿ, ಬಂದದ್ದು 2002ರಲ್ಲಿ, ಈಗ ಹತ್ತಿ ಹೊಲಗಳಲ್ಲಿ ಬಹುಪಾಲು ಅದೇ. ಕುಲಾಂತರಿ ಆಹಾರವಿದ್ದರೆ ಪೊಟ್ಟಣದ ಎದುರು ಭಾಗದಲ್ಲೇ 'ಜಿಎಂ' ಎಂದು ಬರೆಯಬೇಕೆಂಬ ನಿಯಮ 2013ರ ಜನವರಿಯಲ್ಲೇ ಜಾರಿಗೆ ಬಂತು. ಈ ಪೊಟ್ಟಣದಲ್ಲಿ ಅದು ಎಲ್ಲೂ ಕಾಣಲಿಲ್ಲ. ತಿಂದರೆ ಕೆಡುಕೋ ಅಲ್ಲವೋ, ವಿಜ್ಞಾನಿಗಳು ಚರ್ಚಿಸಲಿ. ಆದರೆ 2000ದವರೆಗೆ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದಾಗಲೂ ನಮ್ಮನ್ನು ಯಾರೂ ಕೇಳಿರಲಿಲ್ಲ. ಆ ವಿಷದ ಸಂಕಟ ಇಲ್ಲಿನ ಮನೆಗಳಲ್ಲಿ ಇನ್ನೂ ಮಲಗಿದೆ.

ಹೇಳಿ ಮಾರಿ ಮಾರಾಯ್ರೇ, ಕನ್ನಡದಲ್ಲೂ ಹೇಳಿ. ತಿನ್ನುವುದೋ ಬಿಡುವುದೋ ಅಮ್ಮ ನೋಡಿಕೊಳ್ಳುತ್ತಾರೆ.