ಇಲಿಯ ಗಡ್ಡೆ, ತೋಟದ ಮದ್ದು

"ಅಕ್ಕ, ಹುಲ್ಲಿನ ಮದ್ದಿನಿಂದ ಇಲಿಗಳಿಗೆ ಥೈರಾಯ್ಡ್ ಗಡ್ಡೆ ಆಗಿದೆಯಂತೆ. ನಮಗೂ ಆಗ್ತದಾ?" ಕಾರ್ಕಳದಿಂದ ತಮ್ಮ ಫೋನ್ ಮಾಡಿ ಕೇಳಿದ. ಉಡುಪಿಯಲ್ಲಿ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುವ ನಾನು "ಇಲ್ಲ ಮಾರಾಯ, ಹೆದರಬೇಡ" ಎಂದುಬಿಟ್ಟೆ. ಅದು ಅರ್ಧ ಉತ್ತರ. ಉಳಿದರ್ಧ ಅಂದಿನಿಂದ ಮನಸ್ಸಿನಲ್ಲಿ ಕೊರೆಯುತ್ತಿದೆ.

ಮೊದಲು ಆ "ಇಲ್ಲ"ದ ಕಾರಣ ಹೇಳುತ್ತೇನೆ. ಭತ್ತದ ಗದ್ದೆಗೂ ಬಳಸುವ ಪೆಂಡಿಮಿಥಾಲಿನ್ ಎಂಬ ಕಳೆನಾಶಕ (ಹುಲ್ಲಿನ ಮದ್ದು) ಇದೆಯಲ್ಲ, ಇಲಿಗಳ ಥೈರಾಯ್ಡಿನಲ್ಲಿ ಕಂಡ ಗಡ್ಡೆಗಳಿಂದಾಗಿಯೇ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಅದನ್ನು ಮನುಷ್ಯರಿಗೂ ಕ್ಯಾನ್ಸರ್ ತಂದೀತು ಎಂಬ ಶಂಕೆಯ ಪಟ್ಟಿಗೆ ಸೇರಿಸಿತ್ತು. ಇಂಥ ಗಡ್ಡೆ ಹುಟ್ಟುವ ದಾರಿ ಸುತ್ತುಬಳಸಿನದು. ಒಳಗೆ ಬಂದ ಮದ್ದನ್ನು ಹೊರಹಾಕಲು ಇಲಿಯ ಲಿವರ್ ಕಿಣ್ವಗಳನ್ನು ಹೆಚ್ಚಿಸುತ್ತದೆ. ಅವು ಮದ್ದಿನ ಜೊತೆ ಥೈರಾಯ್ಡ್ ತಯಾರಿಸುವ ಥೈರಾಕ್ಸಿನ್ ಹಾರ್ಮೋನನ್ನೂ ಹೊರಗಟ್ಟುತ್ತವೆ. ಥೈರಾಕ್ಸಿನ್ ಇಳಿದ ಕೂಡಲೇ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಟಿಎಸ್‌ಎಚ್ ಎಂಬ ಹಾರ್ಮೋನ್ ಕಳಿಸಿ ಥೈರಾಯ್ಡನ್ನು ದುಡಿಸುತ್ತದೆ. ಎರಡು ವರ್ಷ, ಅಂದರೆ ಇಲಿಯ ಹೆಚ್ಚುಕಡಿಮೆ ಇಡೀ ಆಯುಷ್ಯ, ಬಿಡುವಿಲ್ಲದೆ ಹೀಗೆ ದುಡಿದ ಗ್ರಂಥಿ ಊದಿಕೊಂಡು ಗಡ್ಡೆ ಕಟ್ಟುತ್ತದೆ.

ನಮ್ಮ ರಕ್ತದಲ್ಲಿ ಥೈರಾಕ್ಸಿನ್ನನ್ನು ಬಿಗಿಯಾಗಿ ಹಿಡಿದಿಡುವ ಪ್ರೋಟೀನ್ ಒಂದಿದೆ. ಬೆಳೆದ ಇಲಿಯಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ನಮ್ಮಲ್ಲಿ ಥೈರಾಕ್ಸಿನ್ ಅರ್ಧಕ್ಕಿಳಿಯಲು ಸುಮಾರು 7 ದಿನ ಹಿಡಿದರೆ, ಇಲಿಯಲ್ಲಿ ಒಂದು ದಿನ ಸಾಕು. ಗಡ್ಡೆಯ ಮಟ್ಟಿಗೆ ನಾವು ಇಲಿಗಿಂತ ಎಷ್ಟೋ ಗಟ್ಟಿ.

ಆದರೆ ಗಡ್ಡೆಗೂ ಮೊದಲು ಥೈರಾಕ್ಸಿನ್ ಇಳಿಯಿತಲ್ಲ, ನನ್ನ ಭಯ ಅದರದ್ದು. ಬಸುರಿನ ಮೊದಲ ತಿಂಗಳುಗಳಲ್ಲಿ ಮಗುವಿನ ಥೈರಾಯ್ಡ್ ಇನ್ನೂ ಕೆಲಸ ಶುರುಮಾಡಿರುವುದಿಲ್ಲ. ಅದರ ಮಿದುಳು ಬೆಳೆಯುವುದು ತಾಯಿಯ ಥೈರಾಕ್ಸಿನ್ನಿಂದ. ಎಲೆಕೋಸು, ಈರುಳ್ಳಿ ಬೆಳೆಗೆ ಬಳಸುತ್ತಿದ್ದ ಡಿಸಿಪಿಎ ಎಂಬ ಕಳೆನಾಶಕವನ್ನು ಅದೇ ಅಮೆರಿಕದ ಸಂಸ್ಥೆ 2024ರ ಆಗಸ್ಟ್‌ನಲ್ಲಿ ತುರ್ತಾಗಿ ನಿಲ್ಲಿಸಿತು. ಸುಮಾರು 40 ವರ್ಷಗಳಲ್ಲಿ ಅಂಥ ತುರ್ತು ಆದೇಶ ಅದೇ ಮೊದಲು. ಕಾರಣ, ಹೊಟ್ಟೆಯಲ್ಲಿರುವ ಮಗುವಿನ ಥೈರಾಯ್ಡ್ ಹಾರ್ಮೋನಿನ ಏರುಪೇರು. ಅದನ್ನು ತೋರಿಸಿಕೊಟ್ಟದ್ದೂ ಬಸುರಿ ಇಲಿಗಳೇ. "ಅದು ಬರೀ ಇಲಿಯ ವಿಷಯ" ಎಂದು ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುವುದು ಇದಕ್ಕೆ. ಎಂಡೋಸಲ್ಫಾನ್ ಬೇರೆಯೇ ವಿಷ, ಕೀಟನಾಶಕ. ಆದರೂ ಅದಕ್ಕೆ ತುತ್ತಾದ ದಕ್ಷಿಣ ಕನ್ನಡದ ಕೊಕ್ಕಡದ ಮನೆಗಳನ್ನು ಕಂಡ ಕರಾವಳಿಯವರು ನಾವು ಇಷ್ಟು ಹಗುರವಾಗಿ ಮಾತಾಡಬಾರದು.

ಕಳೆದ ಭಾನುವಾರ ತಮ್ಮನ ಮನೆಗೆ ಹೋಗಿದ್ದೆ. ಬಚ್ಚಲುಕೊಟ್ಟಿಗೆಯಲ್ಲಿ ಮದ್ದಿನ ಕ್ಯಾನ್ ಇತ್ತು. ಅದರ ಕುತ್ತಿಗೆಗೆ ರಬ್ಬರ್ ಬ್ಯಾಂಡ್ ಹಾಕಿ ಸಿಕ್ಕಿಸಿದ ಚೀಟಿಯನ್ನು ಯಾರೂ ಬಿಡಿಸಿರಲಿಲ್ಲ. "ನೀಲಿ ಗುರುತು ಅಕ್ಕ, ಕೆಂಪಲ್ಲ" ಎಂದ. ಆ ಬಣ್ಣ ಹೇಳುವುದು ಮೈಗೆ ಸೇರಿದ ಕೂಡಲೇ ಎಷ್ಟು ವಿಷ ಎನ್ನುವುದನ್ನು ಮಾತ್ರ, ಹಾರ್ಮೋನಿನ ಸುದ್ದಿಯೇ ಅದರಲ್ಲಿಲ್ಲ ಎಂದು ವಿವರಿಸಿದೆ. ಸ್ಪ್ರೇಯರ್ ಹೊತ್ತ ಬೆನ್ನಿನ ಕಡೆ ನೆನೆದಿದ್ದ ಅಂಗಿ ಬಕೆಟಿನಲ್ಲಿ ಬಿದ್ದಿತ್ತು. ಅವನ ಹೆಂಡತಿಗೆ ಈಗ ಮೂರು ತಿಂಗಳು. ಅವಳು ಸೆರಗು ಸಿಕ್ಕಿಸಿ ಒಗೆಯುವ ಕಲ್ಲಿನ ಹತ್ತಿರ ಬಂದಳು. ತಮ್ಮ ಏನೂ ಮಾತಾಡದೆ ಬಕೆಟ್ ಎತ್ತಿಕೊಂಡು ಹೋಗಿ, ಆ ಅಂಗಿಯನ್ನು ಬೇರೆಯಾಗಿ ತಾನೇ ಒಗೆದ.