ಯುದ್ಧಕ್ಕೆ ಹೋದ ಬೆಕ್ಕಿನ ಕವಚ? ಸತ್ಯಾಂಶ ಇಲ್ಲಿದೆ

ಬೆಕ್ಕು, ಇಲಿಗಳ ಲೋಹದ ಕವಚದ ಫೋಟೋ ನಿಮಗೂ ಬಂದಿರಬಹುದು. "ಮಧ್ಯಯುಗದ ಯುರೋಪಿನಲ್ಲಿ ಬೆಕ್ಕುಗಳೂ ಯುದ್ಧಕ್ಕೆ ಹೋಗುತ್ತಿದ್ದವು" ಅಂತ ಅದರ ಜೊತೆಗೊಂದು ಸಾಲು. ಇದು ನಿಜವಲ್ಲ.

ಇವು ಕೆನಡಾದ ಕ್ಯಾಲ್ಗರಿಯ ಕಲಾವಿದ ಜೆಫ್ ಡಿ ಬೋಯರ್ ನಮ್ಮ ಕಾಲದಲ್ಲೇ ಮಾಡಿದ ಶಿಲ್ಪಗಳು. ಅವರ ತಂದೆ ತಗಡಿನ ಕೆಲಸದವರು. ಜೆಫ್ ಓದಿದ್ದು ಆಭರಣ ವಿನ್ಯಾಸ. ಆ ಕುಸುರಿ ಎಷ್ಟು ಚೆಂದ ಅಂತ ಹತ್ತಿರದಿಂದ ನೋಡಿ: ಬೆಕ್ಕಿನ ಮುಖಕ್ಕೆ ಹೊಂದುವ ಶಿರಸ್ತ್ರಾಣ, ಬಾಲದುದ್ದಕ್ಕೂ ಒಂದರ ಮೇಲೊಂದು ಕೂರುವ ಪಟ್ಟಿಗಳು. ಈ ಪಟ್ಟಿ ಜೋಡಿಸುವ ತಂತ್ರ ಮಾತ್ರ ಅಪ್ಪಟ ಹಳೆಯದು. 15-16ನೇ ಶತಮಾನದ ಯೋಧರು ಕವಚ ತೊಟ್ಟೂ ಸಲೀಸಾಗಿ ಕೈಕಾಲು ಮಡಚುತ್ತಿದ್ದದ್ದು ಇದರಿಂದಲೇ.

ಕುದುರೆಗಳಿಗೆ ಉಕ್ಕಿನ ಕವಚ ಇದ್ದದ್ದು ನಿಜ. ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಅಂಥವನ್ನು ನೋಡಬಹುದು. ಬೆಕ್ಕಿನ ಫೋಟೋ ಕಳಿಸುವಾಗ ದಯವಿಟ್ಟು ಕಲಾವಿದನ ಹೆಸರನ್ನೂ ಹಾಕಿ.